ಅಳಿಸುವ ಟೂಲಿಗೆ ನಾನು ಬರೆದ ಸಾಲು

ಸೊಸೆ ಬೇಕೆಂದೇ ಅಳಿಸಿದಳು ಎಂದು ಇಳಕಲ್ಲಿನ ಆ ಓಣಿಯೆಲ್ಲ ನಂಬಿತ್ತು. ಬೇರೆ ಮನೆ ಮಾಡಿಕೊಂಡು ಗಂಡನೊಂದಿಗೆ ಹುನಗುಂದಕ್ಕೆ ಹೊರಡುವ ಹಿಂದಿನ ದಿನ, ಅತ್ತೆಯ ಮೇಲಿನ ಸಿಟ್ಟಿಗೆ, ನೇಕಾರರ ಸಂಘದ ಆ್ಯಪ್‌ನಲ್ಲಿದ್ದ ಮನೆಯ ಖಾತೆಯನ್ನೇ ತೆಗೆಸಿದಳಂತೆ. ಅತ್ತೆ ನೇಯ್ದ ಸೆರಗುಗಳ ಫೋಟೋ, ಗಿರಾಕಿಗಳ ವಿಳಾಸ, ಅವರೊಡನೆ ನಡೆದ ಮಾತುಕತೆ, ಯಾವುದೂ ಉಳಿದಿರಲಿಲ್ಲ. ಸುದ್ದಿ ಹೇಳಿದ ಚಹಾದಂಗಡಿಯವನು ಎದುರಿಗೇ ನಿಂತು ಕಂಡವನಂತೆ ಹೇಳಿದ. ನಾನು ನಂಬಲಿಲ್ಲ. ಆ ಅಳಿಸುವ ಟೂಲಿನ ವಿವರಣೆಯನ್ನು ಬರೆದವನು ನಾನೇ ಆಗಿದ್ದೆ.

ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು, ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತ ಓದು ಕಲಿತವನು ನಾನು. ಕನ್ನಡ ತಿದ್ದಬಲ್ಲವನೆಂಬ ಗುರುತಿನಿಂದ ಸಂಘದವರು ಕರೆದಿದ್ದರು. ಆ್ಯಪ್‌ನೊಳಗೆ ಎಐ ಸಹಾಯಕವೊಂದಿದೆ. ನೇಕಾರರು ಬಾಯಿಮಾತಿನಲ್ಲಿ ಹೇಳಿದ್ದನ್ನು ಅದು ಮಾಡುತ್ತದೆ. ಫೋಟೋ ಏರಿಸಲು ಒಂದು ಟೂಲು, ಗಿರಾಕಿಗೆ ಉತ್ತರಿಸಲು ಇನ್ನೊಂದು, ಖಾತೆಯನ್ನು ಶಾಶ್ವತವಾಗಿ ಅಳಿಸಲು ಮತ್ತೊಂದು. ಯಾವಾಗ ಯಾವುದನ್ನು ಎತ್ತಿಕೊಳ್ಳಬೇಕೆಂಬುದನ್ನು ಅದು ನಾವು ಬರೆದಿಟ್ಟ ವಿವರಣೆಯನ್ನು ಓದಿಯೇ ತೀರ್ಮಾನಿಸುತ್ತದೆ.

ಬಾಗಲಕೋಟೆಯಿಂದ ಬರುತ್ತಿದ್ದ ಎಂಜಿನಿಯರ್ ಹುಡುಗಿಯನ್ನು ಮೊದಲ ದಿನವೇ ಕೇಳಿದ್ದೆ.

"ಒಂದ ಖಾತ್ಯಾಗ ಇಬ್ಬರು ಇದ್ರ ಹೆಂಗವಾ?"

"ಒಂದ ನಂಬರಿಗೆ ಒಬ್ರ ಅಜ್ಜಾರ. ರೂಲ್ ಐತಿ."

"ರೂಲ್ ನಿನ್ನ ಕಂಪ್ಯೂಟರಿನಾಗ ಐತಿ. ಇಲ್ಲಿ ಅತ್ತಿ, ಸೊಸಿ, ನಾದಿನಿ ಮೂವರಿಗೂ ಗ್ವಾಡಿ ಮಾಡದಾಗ ಇಟ್ಟ ಫೋನು ಒಂದ."

ಅವಳು ನಕ್ಕು, ಹಾಗಾದರೆ ಅದನ್ನೂ ಬರೆಯಿರಿ ಎಂದಳು. ಬರೆದೆ: ‘ಅಳಿಸುವ ಮೊದಲು ಈ ಖಾತೆಯನ್ನು ಇನ್ನಾರು ಬಳಸುತ್ತಾರೆಂದು ಕೇಳು. ಅವರ ಒಪ್ಪಿಗೆಯಿಲ್ಲದೆ ಅಳಿಸಬೇಡ. ಅಳಿಸಿದ್ದು ಮರಳಿ ಬರುವುದಿಲ್ಲವೆಂದು ತಿಳಿಸಿ ಹೇಳು.’ ಸಂಘದ ಕಾರ್ಯದರ್ಶಿ ಓದಿ, ಪೆನ್ನೆಳೆದು ಹೊಡೆದುಹಾಕಿದರು. "ಭಾಳ ಉದ್ದ ಆತ್ರಿ. ಮಂದಿ ಹೆದರ್ತಾರ." ಉಳಿದದ್ದು ಒಂದು ಸಾಲು: ‘ಬಳಕೆದಾರರು ಖಾತೆ ಬೇಡವೆಂದಾಗ ಈ ಟೂಲನ್ನು ಬಳಸು.’ ಬಾದಾಮಿಯ ಗುಹೆಯಲ್ಲಿ, ಹೇಳಿದ ಕಥೆಗೆ ಆಧಾರ ತೋರಿಸೆಂದು ಗೈಡ್‌ನನ್ನು ಅರ್ಧ ದಿನ ಕಾಡಿದ್ದ ನಾನು, ಇಲ್ಲಿ ಎರಡು ಸಲ ಗೊಣಗಿ, ಸಹಿ ಹಾಕಿ ಎದ್ದುಬಂದೆ.

ಖಾತೆ ಹೋಗಿದ್ದರೂ ಸಹಾಯಕ ಏನು ಮಾಡಿತೆಂಬ ದಾಖಲೆ ಬೇರೆಡೆ ಉಳಿದಿರುತ್ತದೆ. ಅದನ್ನು ತೋರಿಸಿರೆಂದು ಸಂಘಕ್ಕೆ ಮೂರು ಸಲ ಅಲೆದೆ. "ಆಕೀನ ಅಳಸ್ಯಾಳಂತ ವರದಿ ಬರದೇವಲ್ರಿ, ಮತ್ತೇನ್ ನೋಡ್ತೀರಿ?" ಎಂದರು ಕಾರ್ಯದರ್ಶಿ. ಕೊನೆಗೆ ಆ ಎಂಜಿನಿಯರ್ ಹುಡುಗಿಯೇ ಮುದ್ರಿಸಿ ಕೊಟ್ಟಳು. ಅರ್ಧ ಹಾಳೆಯೂ ಇರಲಿಲ್ಲ. ಸೊಸೆ ಹೇಳಿದ್ದು: "ನಾ ಹುನಗುಂದಕ್ಕ ಹೊಂಟೇನಿ. ನನ್ನ ಖಾತಿ ಬ್ಯಾಡ, ಬಂದ್ ಮಾಡು." ಸಹಾಯಕ ಕೇಳಿದ್ದು: "ಖಚಿತವೇ?" ಅವಳು ಹೂಂ ಎಂದಿದ್ದಳು. ಅದೇ ಖಾತೆಯನ್ನು ಇನ್ನಾರು ಬಳಸುತ್ತಾರೆಂದು ಅದು ಕೇಳಿರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ, ಸೊಸೆ ಕೆಟ್ಟವಳಾಗಿರಲಿಲ್ಲ. ನಾನು ಸಹಿ ಹಾಕಿದ ಸಾಲನ್ನು ಯಂತ್ರ ಅಕ್ಷರಶಃ ಪಾಲಿಸಿತ್ತು.

ಆ ಹಾಳೆಯನ್ನೂ ಹೊಡೆದುಹಾಕಿದ ನನ್ನ ಕರಡನ್ನೂ ಹಿಡಿದು ಅತ್ತೆಯ ಮನೆಗೆ ಹೋದೆ. ಆಕೆ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂತಲ್ಲೇ ಎಲ್ಲವನ್ನೂ ಕೇಳಿದಳು.

"ಹೊಡದ ಹಾಕಿದ್ದು ಅವರಂತೀರಿ. ಸಹಿ ಯಾರದ್ರಿ?"

"ನಂದ."

"ಮತ್ತ?"

ಕರಡನ್ನು ಮಡಚಿ ಜೇಬಿಗಿಟ್ಟೆ. ಆಕೆ, "ಆಕಿ ಏನಂದಾಳ, ಇನ್ನೊಮ್ಮೆ ಓದ್ರಿ" ಎಂದಳು. ಓದಿದೆ.

"ನನ್ನ ಖಾತಿ ಅಂದಾಳ. ಅತ್ತೀದು ಅಂದಿಲ್ಲ?"

"ಅಂದಿಲ್ಲ."

"ಓಣಿ ಮಂದಿ ಮುಂದ ನಾ ಆಕೀನ ಮನಿಮುರಕಿ ಅಂದೇನ್ರಿ." ಆಕೆ ಕುಣಿಯಿಂದೆದ್ದು ಸೆರಗಿಗೆ ಕೈ ಒರೆಸಿಕೊಂಡಳು. "ಆ ಫೋಟೋ ಹೊಳ್ಳಿ ಬರ್ತಾವೇನು?"

"ಇಲ್ಲ."

"ನಾ ಒಬ್ಬಾಕಿ ಹೋದ್ರ ಆಕಿ ಬಾಗಲಾ ತಗಿಯಂಗಿಲ್ಲ. ನೀವೂ ಬರ್ರಿ, ಆ ಎರಡೂ ಹಾಳಿ ತಗೊಂಡು."

ಇಬ್ಬರೂ ಬಸ್ಸಿನಲ್ಲಿ ಹುನಗುಂದಕ್ಕೆ ಹೋದೆವು. ಸೊಸೆ ಹೊಸ್ತಿಲಲ್ಲಿ ನಿಂತೇ ಎರಡೂ ಹಾಳೆಗಳನ್ನು ಓದಿದಳು, ಹೊಡೆದುಹಾಕಿದ ಸಾಲುಗಳನ್ನು ಎರಡು ಸಲ.

"ನನಗ ಗೊತ್ತಿದ್ದದ್ದ ಇದು. ಓಣ್ಯಾಗ ಯಾರು ಹೇಳ್ತಾರ?"

"ನಾ ಹೇಳ್ತೇನಿ. ಅಂದಾಕಿ ನಾನ ಅಲ್ಲೇನು," ಎಂದಳು ಅತ್ತೆ.

ಸೊಸೆ ಬಾಗಿಲಿನಿಂದ ಪಕ್ಕಕ್ಕೆ ಸರಿದು ಅತ್ತೆಯನ್ನು ಒಳಗೆ ಬಿಟ್ಟಳು. ನನಗೆ, "ಅಜ್ಜಾರ, ನೀವು ಹೊರಗ ಕುಂದರ್ರಿ" ಎಂದಳು.

ಕಟ್ಟೆಯ ಮೇಲೆ ಕೂತು ಕಾರ್ಯದರ್ಶಿಗೆ ಫೋನ್ ಹಚ್ಚಿದೆ. ವರದಿಯಲ್ಲಿ ಸೊಸೆಯ ಮೇಲೆ ಹೊರಿಸಿದ್ದನ್ನು ತೆಗೆಯಿರಿ, ಹೊಡೆದುಹಾಕಿದ ನನ್ನ ಸಾಲುಗಳನ್ನು ಮತ್ತೆ ಹಾಕಿರಿ, ಅಲ್ಲಿಯವರೆಗೆ ಆ ಟೂಲನ್ನು ಸಹಾಯಕದ ಕೈಯಿಂದ ಕಸಿದುಕೊಳ್ಳಿರಿ ಎಂದೆ.

"ನಿಮ್ಮ ಕಡೆ ಬಸ್ಸಿನ ಸಪ್ಪಳ ಭಾಳ ಐತ್ರಿ, ನಾಳಿ ಮಾತಾಡೂಣು," ಎಂದು ಇಟ್ಟುಬಿಟ್ಟರು.

ನಾನು ಕೂತಿದ್ದ ಓಣಿಯಲ್ಲಿ ಬಸ್ಸು ಹಾಯುವುದೇ ಇಲ್ಲ. ಮತ್ತೆ ಹಚ್ಚಿದೆ.