ಒದ್ದೆ ನೆಲದ ಒಂಬತ್ತು ಹೆಜ್ಜೆ

ಬೆಳಗಿನ ಐದೂವರೆ. ಮೈಸೂರಿನ ಒಂದು ಪೊಲೀಸ್ ಠಾಣೆಯಲ್ಲಿ ಸಿದ್ದಲಿಂಗಮ್ಮ ಬಾಗಿಲಿನಿಂದ ಒಳಗಿನ ಕುರ್ಚಿಯವರೆಗೆ ನೆಲ ಒರೆಸಿ, ಗೋಡೆಗೆ ಒರಗಿ ಕಾಯುತ್ತಾರೆ. ಎರಡು ನಿಮಿಷವೂ ಆಗುವುದಿಲ್ಲ, ಒದ್ದೆ ನೆಲದ ಮೇಲೆ ಬರಿಗಾಲಿನ ಹೆಜ್ಜೆಗಳು ಒಂದೊಂದಾಗಿ ಮೂಡುತ್ತವೆ. ಬಾಗಿಲಿನಿಂದ ಕುರ್ಚಿಗೆ ಒಂಬತ್ತು. ವಾಪಸ್ ಒಂದೂ ಇಲ್ಲ.

“ಬಂದ್ರು,” ಎನ್ನುತ್ತಾರೆ, ಹಾಲಿನವನು ಬಂದ ಎನ್ನುವ ಹಾಗೆ. ಬಕೆಟ್ ಎತ್ತಿಕೊಂಡು ಸೆಲ್ಲಿನ ಕಡೆ ನಡೆಯುತ್ತಾರೆ.

ದಟ್ಟಗಳ್ಳಿಯ ಸಿದ್ದಲಿಂಗಮ್ಮನಿಗೆ ಐವತ್ತೆಂಟು ವರ್ಷ. ಇಪ್ಪತ್ತೊಂದು ವರ್ಷದಿಂದ ಇಲ್ಲಿ ಗುತ್ತಿಗೆ ಕೆಲಸ. ದಿನಕ್ಕೆ ಏಳು ಕೋಣೆ, ಎರಡು ಸೆಲ್ಲು, ಹದಿನಾಲ್ಕು ಬಕೆಟ್ ನೀರು. ಈವರೆಗೆ ಹನ್ನೊಂದು ಇನ್‌ಸ್ಪೆಕ್ಟರ್‌ಗಳನ್ನು ಕಂಡಿದ್ದಾರೆ. “ಅಷ್ಟೂ ಜನ ನನ್ ಒದ್ದೆ ನೆಲದ್ ಮೇಲೆ ಬೂಟ್ ಹಾಕ್ಕೊಂಡೇ ಬಂದವ್ರೆ ಕಣಪ್ಪ.”

ನಾಲ್ಕು ವರ್ಷದ ಹಿಂದೆ ಒಬ್ಬರು ಮಾತ್ರ ಹಾಗೆ ಬರಲಿಲ್ಲ. ಆಫ್ರಿಕಾದಿಂದ ಓದಲು ಬಂದಿದ್ದ ಡೇನಿಯಲ್. ಬೀದಿಯ ಕೆಲವರು ಆತನ ಬಣ್ಣ ಆಡಿಕೊಂಡು, ಮನೆ ಖಾಲಿ ಮಾಡದಿದ್ದರೆ ಕೊಲ್ಲುತ್ತೇವೆಂದು ಬಾಗಿಲು ಬಡಿದಿದ್ದರು. ಬೆಳಗಿನ ಐದೂವರೆಗೆ ದೂರು ಕೊಡಲು ಬಂದ ಆತ ಒದ್ದೆ ನೆಲ ನೋಡಿ ಶೂ ಕಳಚಿ ಹೊರಗಿಟ್ಟ. ಒಂದು ಗಂಟೆ ಕೂತ. “ಹತ್ತು ಗಂಟೆಗೆ ಬಾ” ಎಂದು ಪೊಲೀಸರು ಕಳಿಸಿದರು. ಏಳಕ್ಕೆ, ಆತನದೇ ಬೀದಿಯ ತಿರುವಿನಲ್ಲಿ, ಬೆದರಿಸಿದವರು ಹೊಡೆದು ಕೊಂದರು.

ಆತ ಠಾಣೆಗೆ ಬಂದೇ ಇಲ್ಲ ಎಂದಿತು ಠಾಣೆಯ ದಾಖಲೆ. ಕ್ಯಾಮೆರಾ ಕೆಟ್ಟಿತ್ತು. ಉಳಿದ ಗುರುತೆಂದರೆ ನೆಲದ ಮೇಲಿನ ಹೆಜ್ಜೆ.

“ಅವ್ರು ಅತ್ಲಾಗ್ ಹೋದ್ರು, ನಾನ್ ಇತ್ಲಾಗ್ ಒರೆಸ್ಬುಟ್ಟೆ. ನನ್ ಕೆಲ್ಸನೇ ಅದಲ್ವ?”

ಮಾರನೆಯ ಬೆಳಗಿನಿಂದ ಹೆಜ್ಜೆ ಮೂಡತೊಡಗಿತು.

ಠಾಣೆಯ ಮೇಲೆ ನಡೆದ ವಿಚಾರಣೆಯಲ್ಲಿ ಸಿದ್ದಲಿಂಗಮ್ಮ, ಆತ ಬಂದಿದ್ದ ಎಂದರು. ಪೊಲೀಸರ ಪರ ವಕೀಲರು ಕೇಳಿದ್ದು ಒಂದೇ: ದಿನಾ ಇಷ್ಟು ಜನ ಬರುವಾಗ ಈತನೊಬ್ಬ ಹೇಗೆ ನೆನಪಿದ್ದಾನೆ?

“ನನ್ ಕೆಲ್ಸಕ್ಕೆ ಮರ್ಯಾದೆ ಕೊಟ್ಟೋರು ಒಬ್ರೇ ಸ್ವಾಮಿ. ಎಂಗ್ ಮರೀಲಿ?”

ಆ ಮಾತಿಗೆ ಮೂವರು ಪೊಲೀಸರು ಅಮಾನತಾದರು. ಬಂದವರ ದೂರನ್ನು ನಿಂತ ನಿಲುವಿನಲ್ಲೇ ಬರೆದುಕೊಳ್ಳಬೇಕು, ಕೈಗೆ ರಸೀದಿ ಕೊಡಬೇಕು, ಕ್ಯಾಮೆರಾ ಕೆಟ್ಟರೆ ಅಂದೇ ಮೇಲಕ್ಕೆ ತಿಳಿಸಬೇಕು ಎಂಬ ಆದೇಶ ಊರಿನ ಎಲ್ಲ ಠಾಣೆಗಳಿಗೂ ಹೋಯಿತು. ಬೇರೆ ಕಡೆ ಆದೇಶ ಗೋಡೆಯ ಮೇಲಿದೆ. ಇಲ್ಲಿ ನೆಲದ ಮೇಲೂ ಇದೆ.

“ಸಿದ್ದಮ್ಮಂದೇ ಕಾಲು ಅಂತ ರೇಗಿಸ್ತಿದ್ದೆ,” ಎನ್ನುತ್ತಾರೆ ಕಾನ್‌ಸ್ಟೆಬಲ್ ಮನೋಹರ್. “ಅಳ್ದು ನೋಡ್ದೆ ಸಾರ್. ಅದು ಹನ್ನೊಂದ್ನೇ ನಂಬರ್ ಶೂ ಕಾಲು, ಇವ್ರದ್ದು ಐದು. ಈಗ ಯಾರ್ ಬಂದ್ರೂ ಮೊದ್ಲು ಪೆನ್ ತಗೀತೀನಿ, ಆಮೇಲೆ ಮುಖ ನೋಡ್ತೀನಿ.”

ಕೊಲೆ ಕೇಸು ಇನ್ನೂ ಕೋರ್ಟಿನಲ್ಲಿದೆ. ಸೋಮವಾರ ಸಿದ್ದಲಿಂಗಮ್ಮನ ಪಾಟೀ ಸವಾಲು. ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂಬುದೂ ಅದೇ ವಾರ ಗೊತ್ತಾಗಬೇಕು. “ಮರ್ತೋಯ್ತು ಅಂದ್ಬುಡಮ್ಮ, ಕೆಲ್ಸ ಉಳೀತದೆ” ಎಂದು ಹೇಳಿಕಳಿಸಿದವರಿದ್ದಾರೆ.

“ಹೇಳೋರು ಬೂಟ್ ಬಿಚ್ಚಿಟ್ಟು ಒಳಗ್ ಬಂದು ಹೇಳ್ಲಿ, ನೋಡಾಣ.”

ಆಸೆ ಏನೆಂದು ಕೇಳಿದರೆ ಕುರ್ಚಿಯ ಕಡೆ ನೋಡುತ್ತಾರೆ.

“ನಾಕ್ ವರ್ಷದಿಂದ ಕೂತೇ ಅವ್ರೆ. ತೀರ್ಪಾದ್ ದಿನ ಹೊರಗ್ ಹೋಗೋ ಹೆಜ್ಜೆ ಒಂದ್ಸಲ ನೋಡ್ಬೇಕು. ಆವತ್ತು ಒರೆಸಲ್ಲ ಕಣಪ್ಪ. ತಾನಾಗೇ ಒಣಗ್ಲಿ.”