ಬೋರ್ಡಿಗೆ ಅಡ್ಡ ನಿಂತ ಮಳೆಮರ

ಅಥವಾ ಬೆಳಕು ಎಡಗಡೆಯಿಂದ ಬರುತ್ತಿತ್ತು ಎನ್ನುವುದೇ ಸುಳ್ಳಿರಬಹುದು. ನಾನು ನಿಲ್ಲುತ್ತಿದ್ದುದು ಉತ್ತರಕ್ಕೆ ಮುಖ ಮಾಡಿ. ಹಾಗಾದರೆ ಬೆಳಗಿನ ಸೂರ್ಯ ಬಲಕ್ಕಿರಬೇಕು. ನೆನಪಿನಲ್ಲಿ ಮಾತ್ರ ಬೆಳಕು ಎಡದಿಂದಲೇ ಬಂದು ಮಳೆಮರದ ಕಾಂಡಕ್ಕೆ ತಾಗುತ್ತದೆ, ಹಿಂದೆ ಟೈಲ್ಸ್ ಅಂಗಡಿಯ ಷಟರ್ ಬೂದುಬೂದಾಗಿ ಕಾಣುತ್ತದೆ. ಹಳೆಯ ಫೋಟೋ ತೆರೆದರೆ ಇತ್ಯರ್ಥವಾಗುತ್ತದೆ. ತೆರೆಯುವುದಿಲ್ಲ. ನನ್ನ ಸಿಟ್ಟಿಗೆ ಎಡಬಲದ ಸಾಕ್ಷಿ ಬೇಕಾಗಿಲ್ಲ.

ಅದು ನಾಗಸಂದ್ರದಲ್ಲಿ ಮೆಟ್ರೋ ಇಳಿದು ಪೀಣ್ಯದ ನಮ್ಮ ಫ್ಯಾಕ್ಟರಿಗೆ ನಡೆಯುವ ದಾರಿ. ಅಲ್ಲಿ ನಾನು ಬಿಡಿಭಾಗಗಳ ತಪಾಸಣೆ ಮಾಡುವವಳು. ಮೊದಲ ಪಾಳಿಗೆ ಮುಂಚೆ, ಲಾರಿಗಳು ಧೂಳೆಬ್ಬಿಸುವ ಮೊದಲು, ದಾರಿಯ ಮರಗಳ ಫೋಟೋ ತೆಗೆಯುತ್ತಿದ್ದೆ. ಹೆಚ್ಚಾಗಿ ಆ ಒಂದೇ ಮರದ್ದು. ಮಳೆಮರ ಸಂಜೆಗೆ ಎಲೆ ಮಡಚಿಕೊಳ್ಳುತ್ತದೆ, ಬೆಳಕು ಬಿದ್ದಂತೆ ಬಿಡಿಸಿಕೊಳ್ಳುತ್ತದೆ. ಜೊಲ್ಲು ಸುರಿಸಿಕೊಂಡು ಏಳುವ ಮನುಷ್ಯರಿಗಿಂತ ಅಚ್ಚುಕಟ್ಟಾಗಿ ಏಳುತ್ತದೆ. ಅದು ಏಳುವ ಹೊತ್ತೇ ನನಗೆ ಬೇಕಿದ್ದದ್ದು.

ಒಂದು ಬೆಳಗ್ಗೆ ಷಟರಿನ ಕಡೆಯ ಕೊಂಬೆ ಏಳಲಿಲ್ಲ. ಮೋಡವಿರಬೇಕು ಎಂದುಕೊಂಡೆ. ಮರುದಿನ ಬಿಸಿಲಿತ್ತು, ಆಗಲೂ ಏಳಲಿಲ್ಲ. ಬುಡಕ್ಕೆ ಬಗ್ಗಿ ನೋಡಿದರೆ ಸುತ್ತಲೂ ತೂತು. ಒಳಗೆ ಸುರಿದದ್ದು ಹೊರಗೆ ಹರಿಯದ ಹಾಗೆ ಕೆಳಮುಖವಾಗಿ ಓರೆಗೆ ಕೊರೆದು, ಬಾಯಿಗೆ ಜೇಡಿಮಣ್ಣು ಮೆತ್ತಿದ್ದರು. ದಿನವಿಡೀ ತೂತು ನೋಡಿ ಸಂಬಳ ಪಡೆಯುವವಳು ನಾನು. ಅಂಚು ಎಲ್ಲೂ ಹರಿದಿರಲಿಲ್ಲ, ಮಷಿನ್ನಿನ ಕೆಲಸ. ಮಣ್ಣನ್ನು ಕಡ್ಡಿಯಿಂದ ಕೆದಕಿದಾಗ ಆಸಿಡ್ ವಾಸನೆ ಮೂಗಿಗೆ ಹೊಡೆಯಿತು.

ಟೈಲ್ಸ್ ಅಂಗಡಿಯವನು ಹಿಂದೆಯೇ ಮರದ ಬಗ್ಗೆ ನನ್ನ ಬಳಿ ಗೊಣಗಿದ್ದ. ಮೆಟ್ರೋ ಕಿಟಕಿಯ ಎತ್ತರಕ್ಕೆಂದೇ ಹೊಸ ಬೋರ್ಡು ಏರಿಸಿದ್ದ. ಮರ ಅದನ್ನು ಪೂರ್ತಿ ನುಂಗಿತ್ತು. ಟೈಲ್ಸ್ ತೊಳೆಯುವ ಆಸಿಡ್ಡಿನ ಕ್ಯಾನುಗಳು ಅವನ ಅಂಗಡಿಯ ಮೂಲೆಯಲ್ಲೇ ಇದ್ದವು. ನನಗೆ ಇನ್ನೇನು ಬೇಕು? ಹೋಗಿ, ಮರ ಯಾಕೆ ಒಣಗುತ್ತಿದೆ ಎಂದು ಕೇಳಿದೆ. ಅವನು ನಕ್ಕ. ನಕ್ಕನೋ, ಬಿಸಿಲಿಗೆ ಮುಖ ಕಿವಿಚಿದನೋ. ನಾನು ನಗು ಎಂದೇ ಇಟ್ಟುಕೊಂಡಿದ್ದೇನೆ.

"ಮರಕ್ಕೂ ವಯಸ್ಸಾಗತ್ತೆ ಮೇಡಂ. ನೀವು ಫೋಟೋ ತೆಗ್ಕೊಂಡ್ ಹೋಗಿ, ನಮ್ ಹೊಟ್ಟೆಪಾಡು ನಾವ್ ನೋಡ್ಕೋತೀವಿ."

ಪಾಲಿಕೆಗೆ ದೂರು ಕೊಟ್ಟೆ. ಯಾರಾದರೂ ಬರುವಷ್ಟರಲ್ಲಿ ಉಳಿದ ಕೊಂಬೆಗಳೂ ಒಣಗಿದ್ದವು. ಅಧಿಕಾರಿಯೊಬ್ಬರು ಬಂದು ನೋಡಿ, ಮರ ಒಣಗಿದೆ, ಜನರ ಮೇಲೆ ಬೀಳಬಹುದು, ತೆಗೆಸಿಬಿಡುತ್ತೇವೆ ಎಂದರು. ಅಂದರೆ ಅವನಿಗೆ ಬೇಕಿದ್ದ ಅನುಮತಿಯನ್ನು ನಾನೇ ಕೊಡಿಸಿದ ಹಾಗಾಯಿತು. ಅವತ್ತು ಪಾಳಿಯಲ್ಲಿ ಸರಿಯಿದ್ದ ಭಾಗಗಳನ್ನೂ ತಿರಸ್ಕರಿಸಿದೆ.

ಮುಂದಿನದನ್ನು ಯೋಚಿಸಿ ಮಾಡಿದೆನೆಂದು ಹೇಳಿಕೊಳ್ಳಲು ಇಷ್ಟ, ಆದರೆ ಅನುಮಾನ. ನಮ್ಮದು ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡ ಮನೆ. ಗಿಡ, ಕಲ್ಲಿಗೆ ಕೈಮುಗಿದರೆ ಅಪ್ಪ ಸುಮ್ಮನಿರುತ್ತಿರಲಿಲ್ಲ. ಆದರೂ ಒಂದು ಬೆಳಗ್ಗೆ ಕ್ಯಾಮೆರಾದ ಜೊತೆ ಅರಿಶಿನ, ಕುಂಕುಮ, ಒಂದು ಕೆಂಪು ರವಿಕೆಬಟ್ಟೆ ಒಯ್ದೆ. ತೂತುಗಳ ಮೇಲೆಯೇ ದಪ್ಪಗೆ ಅರಿಶಿನ ಬಳಿದೆ. ಹೆಂಗಸೊಬ್ಬಳು ಬೆಳಗ್ಗೆ ಮರಕ್ಕೆ ಅರಿಶಿನ ಹಚ್ಚುತ್ತಿದ್ದರೆ ಈ ಊರಿನಲ್ಲಿ ಯಾರೂ ತಡೆದು ಕೇಳುವುದಿಲ್ಲ.

ಕೇಳಿದವಳು ಒಬ್ಬಳೇ, ಪಕ್ಕದಲ್ಲಿ ಚಹಾ ಮಾರುವ ಯಾದಗಿರಿ ಕಡೆಯವಳು.

"ಯಾವ ದೇವಿ ಬಂದಾಳ್ರೀ ಅಕ್ಕಾರ ಈ ಗಿಡದಾಗ?"

"ಕನಸಲ್ಲಿ ಬಂದಿದ್ಲು," ಎಂದೆ. ಅಥವಾ ಸುಮ್ಮನೆ ತಲೆಯಾಡಿಸಿದೆನೋ, ಕನಸನ್ನು ಅವಳೇ ಸೇರಿಸಿಕೊಂಡಳೋ. ಮರುದಿನ ಒಂದು ಕೊಂಬೆಗೆ ಹಸಿರು ಗಾಜಿನ ಬಳೆ ಬಂದಿತ್ತು. ಆಮೇಲೆ ನಿಂಬೆಹಣ್ಣು, ಯಾರದೋ ಮನೆಯಲ್ಲಿ ಗಾಜು ಒಡೆದಿದ್ದ ದೇವರ ಪಟ, ಬುಡಕ್ಕೊಂದು ದೀಪ. ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು ಚಪ್ಪಲಿ ಬಿಟ್ಟು ಒಂದು ಸುತ್ತು ಹಾಕಿ ಬಸ್ಸಿಗೆ ಓಡತೊಡಗಿದರು.

ಕಡಿಯುವವರು ಬಂದಾಗ ನಾನು ಚಹಾದಂಗಡಿಯಲ್ಲಿದ್ದೆ. ಬೇಕೆಂದೇ ಇದ್ದೆ. ಅವರ ಮೇಸ್ತ್ರಿ ಗರಗಸದ ಯಂತ್ರ ಹೆಗಲಿನಿಂದ ಇಳಿಸಿ, ಬಳೆಗಳನ್ನು ನೋಡಿ, ಹಾಗೇ ನಿಂತ. ಅಂಗಡಿಯವನು ಕೂಲಿ ಜಾಸ್ತಿ ಕೊಡುತ್ತೇನೆಂದ, ಇದು ಮೊನ್ನೆ ಮೊನ್ನೆ ಹುಟ್ಟಿದ ದೇವರು ಎಂದ. ಅದು ನಿಜವೇ, ಆದರೆ ಹೇಳಿದವನು ಅವನು, ಹಾಗಾಗಿ ಯಾರೂ ಕಿವಿಗೊಡಲಿಲ್ಲ.

"ಒಸಾ ದ್ಯಾವ್ರಿಗೆ ಸಿಟ್ಟು ಜಾಸ್ತಿ ಸಾರ್," ಎಂದ ಮೇಸ್ತ್ರಿ. "ಬ್ಯಾರೆಯೋರ್ನ ನೋಡ್ಕಳಿ. ನಮ್ ಮನೇಲಿ ಮಕ್ಳವ್ರೆ."

ಬೇರೆಯವರೂ ಬಂದು ಹೋದರು. ಮರ ಅಲ್ಲೇ ಇದೆ, ಸತ್ತು. ಕಾಂಡ ಬೋರ್ಡಿನ ನಡುವಿಗೆ ಸರಿಯಾಗಿ ಅಡ್ಡ. ಎರಡೂ ಕಡೆಯ ಕೊಂಬೆಗಳಲ್ಲಿ ಹರಕೆಯ ಬಟ್ಟೆ ನೇತಾಡಿ ಉಳಿದದ್ದನ್ನೂ ಮುಚ್ಚಿದೆ. ಶುಕ್ರವಾರ ಅವನ ಷಟರಿನ ಮುಂದೆಯೇ ಜನ ತೆಂಗಿನಕಾಯಿ ಒಡೆಯುತ್ತಾರೆ. ಕೊನೆಗೆ ಅವನೂ ಒಡೆದ. ಬಾಗಿಲ ಮುಂದಿನ ದೇವರನ್ನು ಬಿಟ್ಟು ಅಂಗಡಿ ತೆರೆಯುವ ಧೈರ್ಯ ಯಾವ ವ್ಯಾಪಾರಿಗೂ ಇರುವುದಿಲ್ಲ. ಬರಿಗಾಲಲ್ಲಿ, ಕಣ್ಣು ಮುಚ್ಚಿ, ನನ್ನ ಅರಿಶಿನದ ಮುಂದೆ ಅವನು ಕೈಮುಗಿದು ನಿಂತಿದ್ದಾಗ ಬೆಳಕು ಚೆನ್ನಾಗಿತ್ತು. ಫೋಟೋ ತೆಗೆದೆ. ನಾನು ತೆಗೆದವುಗಳಲ್ಲಿ ಅದೇ ಒಳ್ಳೆಯದು. ಮರ ಒಂದು ದಿನ ಬೀಳುತ್ತದೆ ಎಂದು ಗೊತ್ತು. ಅದು ಬಾಗಿರುವುದು ಷಟರಿನ ಕಡೆಗೆ.

ಹೋದ ತಿಂಗಳು ಅವನು ನನ್ನನ್ನು ಕರೆದು, ಹಸಿರಿದ್ದಾಗಿನ ಫೋಟೋ ಒಂದು ಕೊಡಿ, ಫ್ರೇಮ್ ಹಾಕಿಸಿ ಗಲ್ಲಾದ ಮೇಲೆ ಇಟ್ಟು ಪೂಜೆ ಮಾಡುತ್ತೇನೆ ಎಂದ. ಅರಿಶಿನ ಬಳಿಯುವ ಮೊದಲು ತೆಗೆದಿದ್ದ ತೂತುಗಳ ಫೋಟೋವನ್ನು ನಾನು ಮೊಬೈಲಿನಲ್ಲಿ ತೆರೆದು ಅವನ ಮುಖದ ಮುಂದೆ ಹಿಡಿದೆ. ಆ ಗಳಿಗೆಗಾಗಿಯೇ ಅದನ್ನು ಉಳಿಸಿಕೊಂಡಿದ್ದೆ. ಅವನು ಬೆರಳಿನಿಂದ ದೊಡ್ಡದು ಮಾಡಿ ನೋಡಿದ, ಕನ್ನಡಕ ತೆಗೆದು ಮತ್ತೆ ನೋಡಿದ.

"ಇದೇನ್ ಮೇಡಂ, ಹುಳ ಕೊರ್ದಿರೋದಾ?"

ಆ ಮುಖವನ್ನು ನಾನು ಎಷ್ಟೋ ಬಾರಿ ಮನಸ್ಸಿಗೆ ತಂದುಕೊಂಡಿದ್ದೇನೆ. ಒಮ್ಮೆ ಅದು ನಟನೆ. ಇನ್ನೊಮ್ಮೆ ಅಲ್ಲ. ಆ ಬೀದಿಯಲ್ಲಿ ಡ್ರಿಲ್ಲಿಂಗ್ ಮಷಿನ್ ಇಲ್ಲದ ಶೆಡ್ಡಿಲ್ಲ. ಎದುರಿನ, ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಘಟಕದಲ್ಲಿ ಆಸಿಡ್ ಡ್ರಮ್ಮುಗಟ್ಟಲೆ ಇದೆ, ಅವರ ಲಾರಿ ತಿರುಗಲು ಅದೇ ಮರ ಅಡ್ಡ. ಹಸಿರು ಫೋಟೋವನ್ನು ನಾನು ಇನ್ನೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಕೊರೆದವನು ಅವನೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ.