ರವಿವಾರ ತೆರೆದ ಹಲಗೆ

ಜಮಖಂಡಿ ಸಂಸ್ಥಾನದ ಕಾಲದಲ್ಲಿ ಬನಹಟ್ಟಿಯ ನೇಕಾರ ಓಣಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಧನಪಾಲನಿಗೆ ವಾರಕ್ಕೊಂದೇ ಹಬ್ಬ, ಅದು ರವಿವಾರ. ಅಂದು ಅಂಗಡಿಯ ಹಲಗೆಬಾಗಿಲು ತೆರೆಯುತ್ತಿರಲಿಲ್ಲ. ತಾಯಿ ಬ್ರಾಹ್ಮಿಯವ್ವ ಮಗನ ನೆತ್ತಿಗೆ ಎಣ್ಣೆ ತಟ್ಟುತ್ತ ಅವನ ಸಣ್ಣಂದಿನ ಭಾನಗಡಿಗಳನ್ನೆಲ್ಲ ಎತ್ತಿ ಆಡುವಳು. ಹೆಂಡತಿ ರಾಜಮತಿ ನಕ್ಕು ನಕ್ಕು ಸುಸ್ತಾಗುವಳು. ಉಳಿದ ದಿನ ಹಗಲೆಲ್ಲ ತಕ್ಕಡಿ ಹಿಡಿದವನಿಗೆ ತಾಯಿಯ ಮುಖ ನೋಡಲೂ ಪುರಸೊತ್ತಿಲ್ಲ. ಆ ಒಂದು ದಿನವೆಂದರೆ ಅವನಿಗೆ ಜೀವ.

ಇಂಥದರಲ್ಲಿ ಎದುರಿಗೇ ಹುಲೆಪ್ಪ ಹೊಸ ಅಂಗಡಿ ಹಾಕಿದ. ಪುಣ್ಯಾತ್ಮ ರವಿವಾರವೂ ತೆರೆದು ಕೂತ! ನೇಕಾರರ ಕೈಗೆ ಪಗಾರ ಬೀಳುತ್ತಿದ್ದುದು ಶನಿವಾರ ದೀಪ ಹಚ್ಚಿದ ಮೇಲೆ. ಮರುದಿನ ಹೆಂಗಸರು ಬುಟ್ಟಿ ಹಿಡಿದು ಸೀದಾ ಹುಲೆಪ್ಪನ ಕಡೆ ನಡೆದರು.

ರಾಜಮತಿ ಸಿಟ್ಟಾದಳು. “ಹಿಂಗ ಎಣ್ಣಿ ಹಚಗೊಂಡು ಕುಂತರ ಅಂಗಡ್ಯಾಗ ಇಲಿ ಅಷ್ಟ ಉಳೀತಾವ. ಈ ರವಿವಾರ ಹಲಗಿ ತಗೀರಿ.”

“ತಗೀತೇನಿ ಬಿಡ,” ಎಂದ ಧನಪಾಲ.

ರವಿವಾರ ಮುಂಜಾನೆ ಹಲಗೆ ತೆಗೆದು, ಎಣ್ಣೆ ಕಾಣದ ತಲೆಯಲ್ಲಿ, ಮೋತಿ ಇಳಿಬಿಟ್ಟು ಕೂತ. ಅವನು ಮರೆತಿದ್ದ, ಓಣಿ ಮರೆತಿರಲಿಲ್ಲ: ಆ ಹಲಗೆ ಹಿಂದೆ ಒಂದೇ ಒಂದು ರವಿವಾರ ತೆರೆದಿತ್ತು. ಅವನ ತಂದೆ ತೀರಿಕೊಂಡಾಗ, ಬಂದ ಮಂದಿಗೆ ಕೂಡ್ರಲು ಜಾಗ ಬೇಕೆಂದು.

ನೀರಿಗೆ ಹೊರಟಿದ್ದ ನೆರೆಮನೆಯ ಮುದಕವ್ವ ಅದನ್ನು ಕಂಡವಳೇ ಕೊಡ ಅಲ್ಲೇ ಇಟ್ಟು ಓಣಿಗೆಲ್ಲ ಸುದ್ದಿ ಮುಟ್ಟಿಸಲು ಓಡಿದಳು. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ನೆರೆಯವರೇ ರೊಟ್ಟಿ ಒಯ್ಯಬೇಕು. ನೋಡನೋಡುತ್ತ ಓಣಿಯ ಹೆಂಗಸರೆಲ್ಲ ರೊಟ್ಟಿ, ಜೈನರ ಮನೆಯೆಂದು ಉಳ್ಳಾಗಡ್ಡಿ ಹಾಕದ ಪಲ್ಯ ಕಟ್ಟಿಕೊಂಡು ಬಂದರು. ಮುದಕವ್ವ ಹೊಸ್ತಿಲಲ್ಲೇ ಕೂತು ಶುರುಮಾಡಿದಳು: “ಬ್ರಾಹ್ಮಿಯವ್ವಾ, ಒಂದ ಮಾತ ಹೇಳದ ಹ್ವಾದೆಲ್ಲವ್ವಾ!”

“ಎಲ್ಲಿಗೆ ಹೋಗೇನಿ ಬೇ ನಾ?” ಎನ್ನುತ್ತ ಒಳಗಿಂದ ಬ್ರಾಹ್ಮಿಯವ್ವನೇ ಎಣ್ಣೆ ಬಟ್ಟಲು ಹಿಡಿದು ಹೊರಬಂದಳು.

ಮುದಕವ್ವನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಆಮೇಲೆ ನಗೆ ಎಂದರೆ ಅದೆಂಥ ನಗೆ! ಅಂಗಡಿಯಲ್ಲೇ ಗಂಟು ಬಿಚ್ಚಿ ಎಲ್ಲರೂ ಉಣ್ಣಲು ಕೂತರು. ಗದ್ದಲ ಕೇಳಿ ಹುಲೆಪ್ಪನೂ ಬಂದು ಸಾಲಿನಲ್ಲಿ ಕೂತ.

ರಾಜಮತಿಗೆ ತಡೆಯಲಾಗಲಿಲ್ಲ. “ಖರೆ ಹೇಳ್ರಿ, ನಮ್ಮ ಅಂಗಡಿ ಯಾಕ ಬಿಟ್ರಿ? ರವಿವಾರ ತಗ್ಯಾಂಗಿಲ್ಲಂತನ?”

“ರವಿವಾರ ನಾವೂ ಒಂದೀಟ ಕಾಲ ಚಾಚೂದು ಬ್ಯಾಡೇನ?” ಎಂದಳು ಮುದಕವ್ವ. “ಶನಿವಾರ ಪಗಾರ ಕೈಗೆ ಬರೂದ್ರಾಗ ನಿನ್ನ ಗಂಡ ಹಲಗಿ ಹಾಕಿ ಉಣ್ಣಾಕ ಹೋಗಿರ್ತಾನ. ಈ ಹುಲೆಪ್ಪ ಹಣಮಪ್ಪನ ಗುಡಿ ಭಜನಿಗೆ ಹೋಗಿರ್ತಾನ. ನಾವೇನ ಮಾಡೂಣು?”

ಧನಪಾಲ ತಲೆ ಕೆರೆದುಕೊಂಡ. ಜೈನರ ಮನೆ, ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ಅದಕ್ಕೆಂದು ಅವನಪ್ಪ ಹಲಗೆ ಹಾಕುತ್ತಿದ್ದ, ಇವನೂ ಹಾಕುತ್ತಿದ್ದ. ಉಂಡ ಮೇಲೆ ಮತ್ತೆ ತೆರೆಯಬಹುದೆಂದು ಇಬ್ಬರಿಗೂ ಹೊಳೆದಿರಲೇ ಇಲ್ಲ!

“ಉಂಡ ಮ್ಯಾಲೆ ಕಂದೀಲ ಹಚ್ಚಿ ಕುಂದರಲೇ, ಹುಚ್ಚಪ್ಪಾ,” ಎಂದು ತಾಯಿ ಅವನ ತಲೆಗೊಂದು ಮೊಟಕಿದಳು.

ಮುಂದಿನ ಶನಿವಾರ ಕಂದೀಲಿನ ಬೆಳಕಿನಲ್ಲಿ ತಕ್ಕಡಿಗೆ ಬಿಡುವೇ ಸಿಗಲಿಲ್ಲ. ಮರುದಿನ ಹುಲೆಪ್ಪ ನೊಣ ಹೊಡೆದು ಹೊಡೆದು, ಮಧ್ಯಾಹ್ನಕ್ಕೇ ಬಾಗಿಲು ಹಾಕಿ ಗೊರಕೆ ಹೊಡೆದ. ಧನಪಾಲ ತಾಯಿಯ ಮುಂದೆ ತಲೆಯೊಡ್ಡಿ ಕೂತ. ಸುಖಕ್ಕೆ ಕಣ್ಣು ತುಂಬಿ ಬಂತು; ಎಣ್ಣೆ ಇಳಿಯಿತೆಂದು ಸುಳ್ಳು ಹೇಳಿ ಒರೆಸಿಕೊಂಡ.

ಅಂದಿನಿಂದ ನೀರಿಗೆ ಹೊರಟ ಹೆಂಗಸರಿಗೆ ಅದೊಂದು ರೂಢಿಯೇ ಆಯಿತು. ರವಿವಾರ ಮುಂಜಾನೆ ಮುಚ್ಚಿದ ಹಲಗೆ ನೋಡಿ, “ಬ್ರಾಹ್ಮಿಯವ್ವ ಆರಾಮ ಅದಾಳ,” ಎಂದು ಮುಂದೆ ನಡೆಯುತ್ತಿದ್ದರು.